ಶಿರಸ್ತ್ರಾಣವೂ ಕಿವಿಯೂ

ಕಳೆದ ವರ್ಷದ ಆಷಾಢದಲ್ಲಿ ಒಂದು ದಿನ ಬೆಳಗಿನ ಮೊದಲ ತರಗತಿಯಲ್ಲಿ ನಾವು ಧ್ವನಿಶಾಸ್ತ್ರದ ಪಾಠವನ್ನು ಹೇಳುತ್ತಿದ್ದೆವು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಏನೋ ಕೇಳಿದಳು. ಆಕೆಯ ತುಟಿಗಳು ಆಡುತ್ತಿದ್ದುದು ಕಂಡಿತು. ಮಾತು ಮಾತ್ರ ಕೇಳಿಸಲಿಲ್ಲ. ಸ್ವಲ್ಪ ಗಟ್ಟಿಯಾಗಿ ಹೇಳಬೇಕೆಂದೆವು. ಆಕೆ ಹೇಳಿದಳು, ಆಗಲೂ ಅರ್ಧ ಮಾತು ಗಾಳಿಯಲ್ಲಿ ಕರಗಿಹೋಯಿತು. ಕೊನೆಗೆ ಮುಂದಿನ ಸಾಲಿನ ಹುಡುಗನೊಬ್ಬ ದ್ವಿಭಾಷಿಯಂತೆ ನಡುವೆ ನಿಂತು ಪ್ರಶ್ನೆಯನ್ನು ನಮಗೆ ಮುಟ್ಟಿಸಬೇಕಾಯಿತು. ತರಗತಿಯಲ್ಲಿ ಸಣ್ಣ ನಗೆಯೊಂದು ಸುಳಿಯಿತು. ಶಬ್ದದ ತೀವ್ರತೆಯನ್ನು ಅಳೆಯುವ ಬಗೆಯನ್ನು ಬೋಧಿಸುತ್ತಿರುವ ಅಧ್ಯಾಪಕನಿಗೆ ಶಬ್ದವೇ ಕೇಳಿಸದೆ ಹೋದರೆ ವಿದ್ಯಾರ್ಥಿಗಳು ನಗುವುದರಲ್ಲಿ ತಪ್ಪೇನೂ ಇಲ್ಲ.

ಒಂದು ದಿನದ ಸಂಗತಿಯಾಗಿದ್ದರೆ ಅದನ್ನು ಮರೆತುಬಿಡಬಹುದಾಗಿತ್ತು. ಆದರೆ ಆ ತಿಂಗಳು ಪೂರ್ತಿ ಹೀಗೆಯೇ ನಡೆಯಿತು. ಬೆಳಗ್ಗೆ ಕಿವಿಗಳಲ್ಲಿ ಹತ್ತಿಯನ್ನು ತುರುಕಿದಂಥ ಅನುಭವ, ಅದರೊಡನೆ ಸಣ್ಣಗೆ ಗುಂಯ್‌ಗುಟ್ಟುವ ಒಂದು ನಾದ. ಮಧ್ಯಾಹ್ನದ ವೇಳೆಗೆ ಎರಡೂ ಮಾಯ. ನಾವು ವಾಸಿಸುವುದು ಚಿತ್ರದುರ್ಗದಲ್ಲಿ, ಪಾಠ ಹೇಳುವುದು ದಾವಣಗೆರೆಯಲ್ಲಿ. ನಡುವಣ ಸುಮಾರು ೬೦ ಕಿಲೋಮೀಟರ್ ಹೆದ್ದಾರಿಯನ್ನು ಮೋಟಾರು ಸೈಕಲ್ಲಿನ ಮೇಲೆ ಮುಕ್ಕಾಲು ಗಂಟೆಯಲ್ಲಿ ಕ್ರಮಿಸುತ್ತೇವೆ. ಬಸ್ಸಿನಲ್ಲಿ ಬಂದ ದಿನ ಕಿವಿಗೆ ಏನೂ ಆಗುತ್ತಿರಲಿಲ್ಲ. ಕಿವಿಯ ವೈದ್ಯರೊಬ್ಬರಲ್ಲಿಗೆ ಹೋದೆವು. ವಯಸ್ಸಾದ ಆ ವೈದ್ಯರು ನಮ್ಮ ಮಾತನ್ನೆಲ್ಲ ಕೇಳಿ, "ಗಿರಣಿಯಲ್ಲಿ ಕೆಲಸವೇ?" ಎಂದರು. ದಾವಣಗೆರೆಯ ಹತ್ತಿಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಮಗ್ಗಗಳ ನಡುವೆ ನಿಂತು ಮನೆಗೆ ಮರಳುತ್ತಿದ್ದವರು ಹೇಳುತ್ತಿದ್ದುದು ಇದನ್ನೇ ಅಂತೆ. ನಮ್ಮದು ಗಿರಣಿಯಲ್ಲ, ಕಾಲೇಜು ಎಂದಾಗ ಅವರು ಮೇಜಿನ ಮೇಲೆ ನಾವಿಟ್ಟಿದ್ದ ಶಿರಸ್ತ್ರಾಣವನ್ನು ಕೈಗೆತ್ತಿಕೊಂಡು ಒಳಗನ್ನೂ ಹೊರಗನ್ನೂ ನೋಡಿ, ಏನೂ ಹೇಳದೆ ಹಿಂದಕ್ಕೆ ಇಟ್ಟರು.

ಮೊದಲಿಗೆ ನಾವು ಎಂಜಿನ್ನನ್ನು ಸಂದೇಹಿಸಿದೆವು. ಎಲ್ಲರೂ ಮಾಡುವ ತಪ್ಪು ಇದು. ಆದರೆ ಸಂಜೆಯ ಪ್ರಯಾಣ ಆ ಸಂದೇಹವನ್ನು ತೊಡೆದುಹಾಕಿತು. ಆಷಾಢದಲ್ಲಿ ನಮ್ಮ ಕಡೆ ಗಾಳಿ ಬೀಸುವುದು ಪಶ್ಚಿಮದಿಂದ; ಚಿತ್ರದುರ್ಗದ ಸುತ್ತಣ ಗುಡ್ಡಗಳ ಮೇಲೆ ನಿಂತಿರುವ ಗಾಳಿಯಂತ್ರಗಳನ್ನು ನೋಡಿದವರಿಗೆ ಆ ಗಾಳಿಯ ಸತ್ತ್ವವನ್ನು ವಿವರಿಸಬೇಕಾಗಿಲ್ಲ. ಬೆಳಗ್ಗೆ ದಾವಣಗೆರೆಯತ್ತ ಹೋಗುವಾಗ ಅದು ಎದುರಿಗೆ ಬರುತ್ತದೆ. ಸಂಜೆ ಮರಳುವಾಗ ಬೆನ್ನಿಗೆ. ಎಂಜಿನ್ನು ಅದೇ, ದಾರಿ ಅದೇ, ವೇಗವೂ ಅದೇ ೮೦ ಕಿಲೋಮೀಟರ್. ಆದರೂ ಸಂಜೆ ಮನೆ ಸೇರಿದಾಗ ಕಿವಿಗಳು ನಿರ್ಮಲವಾಗಿರುತ್ತಿದ್ದವು. ಬೆಳಗಿಗೂ ಸಂಜೆಗೂ ಬದಲಾಗುತ್ತಿದ್ದುದು ತಲೆಯ ಸುತ್ತ ಹರಿಯುವ ಗಾಳಿಯ ವೇಗವೊಂದೇ. ಗಾಳಿಯು ಗಂಟೆಗೆ ೨೦ ಕಿಲೋಮೀಟರಿನಂತೆ ಬೀಸುತ್ತಿದ್ದರೆ, ಬೆಳಗ್ಗೆ ಶಿರಸ್ತ್ರಾಣಕ್ಕೆ ತಗಲುವ ಗಾಳಿಯ ವೇಗ ೧೦೦, ಸಂಜೆ ೬೦. ನಮ್ಮನ್ನು ಕಿವುಡಾಗಿಸುತ್ತಿದ್ದುದು ಕಾಲ ಕೆಳಗಿನ ಯಂತ್ರವಲ್ಲ, ತಲೆಯ ಮೇಲಿನ ಕವಚ.

ಇಲ್ಲಿಂದ ನಮ್ಮ ಅಭಿಪ್ರಾಯಕ್ಕೆ ಬರುತ್ತೇವೆ. ನಮ್ಮ ಕಾಲೇಜಿನ ವಾಹನ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಐದು ನಿಮಿಷ ನಿಂತು ನೋಡಿದರೆ ಸಾಕು: ಶಿರಸ್ತ್ರಾಣವನ್ನು ತೋಳಿಗೆ ಬಳೆಯಂತೆ ಏರಿಸಿಕೊಂಡು ಬರುವವರು, ಕನ್ನಡಿಗೆ ತಗುಲಿಹಾಕಿಕೊಂಡು ಬರುವವರು, ತಲೆಗೆ ಇಟ್ಟರೂ ಗಲ್ಲದ ಪಟ್ಟಿಯನ್ನು ಬಿಗಿಯದೆ ಗಾಳಿಗೆ ಬಿಟ್ಟವರು. ಇವರೆಲ್ಲರನ್ನೂ ಅವಿವೇಕಿಗಳೆಂದು ಜರೆಯುವುದು ಸುಲಭ. ಹಿರಿಯರು, ಪೋಲೀಸರು, ಪತ್ರಿಕೆಗಳು ಎಲ್ಲರೂ ಅದನ್ನೇ ಮಾಡುತ್ತಾರೆ. ಆದರೆ ಅವರನ್ನು ನಿಲ್ಲಿಸಿ ಕೇಳಿದಾಗ ಬರುವ ಉತ್ತರಗಳು ಅವಿವೇಕದವಲ್ಲ. ಹಣೆ ನೋಯುತ್ತದೆ, ಬೆವರು ಕಣ್ಣಿಗೆ ಇಳಿಯುತ್ತದೆ, ಕತ್ತು ಸೋಲುತ್ತದೆ, ಒಳಗೆ ಗಾಳಿ ಬೊಬ್ಬಿಡುತ್ತದೆ. ಕೊಳ್ಳುವಾಗ ಈ ನಾಲ್ಕರಲ್ಲಿ ಒಂದನ್ನಾದರೂ ಪರೀಕ್ಷಿಸಿದಿರಾ ಎಂದರೆ ಇಲ್ಲ. ಬಣ್ಣವನ್ನು ನೋಡಿದೆವು, ಬೆಲೆಯನ್ನು ನೋಡಿದೆವು, ಐಎಸ್‌ಐ ಗುರುತಿತ್ತು, ತಂದೆವು. ಶಿರಸ್ತ್ರಾಣದ ಸುಖವೆಂಬುದು ಹಣವಂತರ ಷೋಕಿ, ರಕ್ಷಣೆಯೇ ಮುಖ್ಯ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಸುಖವಿಲ್ಲದ ಶಿರಸ್ತ್ರಾಣ ತಲೆಯ ಮೇಲೆ ಉಳಿಯುವುದಿಲ್ಲ. ತಲೆಯ ಮೇಲಿಲ್ಲದ ಶಿರಸ್ತ್ರಾಣ ಯಾರನ್ನೂ ರಕ್ಷಿಸುವುದಿಲ್ಲ. ಅಲ್ಲದೆ ಸುಖವನ್ನೂ ನಿಶ್ಶಬ್ದವನ್ನೂ ಆರಿಸಿಕೊಳ್ಳಲು ಬೇಕಾದ ಶಾಸ್ತ್ರ ಪದವಿಪೂರ್ವ ತರಗತಿಯ ಭೌತಶಾಸ್ತ್ರವನ್ನು ಮೀರಿದ್ದಲ್ಲ.

ಶಿರಸ್ತ್ರಾಣದ ಇತಿಹಾಸವನ್ನು ಇಲ್ಲಿ ಒಂದೆರಡು ಮಾತಿನಲ್ಲಿ ಹೇಳಿ ಮುಂದೆ ಸಾಗುವೆವು. 'ಅರೇಬಿಯದ ಲಾರೆನ್ಸ್' ಎಂದು ಪ್ರಸಿದ್ಧನಾದ ಟಿ. ಇ. ಲಾರೆನ್ಸ್ ೧೯೩೫ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಮೋಟಾರು ಸೈಕಲ್ಲಿನಿಂದ ಬಿದ್ದು, ತಲೆಗೆ ಪೆಟ್ಟಾಗಿ, ಆರು ದಿನಗಳ ತರುವಾಯ ಮರಣ ಹೊಂದಿದ. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯನೂ ಒಬ್ಬ. ಮೋಟಾರು ಸೈಕಲ್ ಸವಾರರ ತಲೆಪೆಟ್ಟುಗಳನ್ನು ಕುರಿತು ಅವನು ೧೯೪೧ರಲ್ಲಿ ಪ್ರಕಟಿಸಿದ ಪ್ರಬಂಧವೇ ಶಿರಸ್ತ್ರಾಣದ ಪರವಾಗಿ ವೈದ್ಯಶಾಸ್ತ್ರ ನುಡಿದ ಮೊದಲ ಗಟ್ಟಿಮಾತು. ಅವನ ಸಹೋದ್ಯೋಗಿಯಾಗಿ ಆಕ್ಸ್‌ಫರ್ಡಿನಲ್ಲಿದ್ದ ಭೌತವಿಜ್ಞಾನಿ ಹೋಲ್‌ಬರ್ನ್, ತಲೆ ಥಟ್ಟನೆ ತಿರುಗುವುದರಿಂದಲೇ ಮಿದುಳಿಗೆ ಹೆಚ್ಚಿನ ಹಾನಿ ಎಂಬುದನ್ನು ೧೯೪೩ರಲ್ಲಿ ತೋರಿಸಿದ. ಭೌತಶಾಸ್ತ್ರದವರಾದ ನಮಗೆ ಆ ಹೆಸರನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಅಮೆರಿಕದಲ್ಲಿ ಲೊಂಬಾರ್ಡ್ ಮತ್ತು ರಾತ್ ಎಂಬಿಬ್ಬರು, ಪೆಟ್ಟಿನ ಶಕ್ತಿಯನ್ನು ತಾನೇ ನುಂಗಿಕೊಂಡು ಜಜ್ಜಿಹೋಗುವ ಒಳಪದರಕ್ಕೆ ೧೯೫೩ರಲ್ಲಿ ಪೇಟೆಂಟನ್ನು ಪಡೆದರು. ಇಂದಿನ ಶಿರಸ್ತ್ರಾಣಗಳೆಲ್ಲವೂ ಆ ತತ್ತ್ವದ ಸಂತಾನವೇ.

ಆ ಒಳಪದರವನ್ನು ಮೊದಲು ಅರ್ಥಮಾಡಿಕೊಳ್ಳಬೇಕು; ಇಲ್ಲವಾದರೆ ಸುಖವೆಂದರೆ ಮೆತ್ತನೆಯ ಸ್ಪಂಜು ಎಂಬ ಭ್ರಾಂತಿಗೆ ಒಳಗಾಗುವೆವು. ಹೊರಗೆ ಗಡುಸಾದ ಚಿಪ್ಪು. ಅದರೊಳಗೆ ಥರ್ಮೋಕೋಲಿನ ದಪ್ಪ ಪದರ. ಅದರೊಳಗೆ ಬಟ್ಟೆ ಹೊದಿಸಿದ ಸ್ಪಂಜು. ಯೂರೋಪಿನ ಇಸಿಇ ೨೨.೦೫ ಎಂಬ ಪರೀಕ್ಷೆಯಲ್ಲಿ ಶಿರಸ್ತ್ರಾಣವನ್ನು ಸೆಕೆಂಡಿಗೆ ೭.೫ ಮೀಟರ್ ವೇಗದಲ್ಲಿ ಕಬ್ಬಿಣದ ಅಡಿಗಲ್ಲಿಗೆ ಬಡಿಯುತ್ತಿದ್ದರು. ಅಷ್ಟು ವೇಗದಿಂದ ತಲೆ ೩ ಸೆಂಟಿಮೀಟರ್ ದೂರದಲ್ಲಿ ನಿಲ್ಲಬೇಕಾದರೆ ಅದರ ಸರಾಸರಿ ವೇಗಾಪಕರ್ಷ ಗುರುತ್ವದ ಸುಮಾರು ೯೬ ಪಾಲು. ಮೂರೇ ಮಿಲಿಮೀಟರಿನಲ್ಲಿ ನಿಲ್ಲಬೇಕಾದರೆ ಅದರ ಹತ್ತರಷ್ಟು. ಆ ಮೂರು ಸೆಂಟಿಮೀಟರನ್ನು ಒದಗಿಸುವುದು ಥರ್ಮೋಕೋಲೇ ಹೊರತು ಸ್ಪಂಜಲ್ಲ. ರಸ್ತೆಬದಿಯಲ್ಲಿ ಮಾರುವ ಬೋಗುಣಿಯಂಥ ಟೊಪ್ಪಿಗೆಗಳಲ್ಲಿ ಅನೇಕವು ಈ ಪದರವನ್ನೇ ಕಳೆದು 'ಹಗುರ' ಎನ್ನಿಸಿಕೊಂಡಿರುತ್ತವೆ. ಅಂಥ ಹಗುರ ನಮಗೆ ಬೇಡ. ೨೦೨೧ರ ಜೂನ್ ೧ರಿಂದ ನಮ್ಮ ದೇಶದಲ್ಲಿ ದ್ವಿಚಕ್ರ ಸವಾರರ ಶಿರಸ್ತ್ರಾಣಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಅದು ಆಯ್ಕೆಯ ಮೊದಲ ಮೆಟ್ಟಿಲು; ಬಹುಮಂದಿ ಅದನ್ನೇ ಕೊನೆಯ ಮೆಟ್ಟಿಲೆಂದು ತಿಳಿದು ಹಣವನ್ನು ಎಣಿಸಿಬಿಡುತ್ತಾರೆ.

ಎರಡನೆಯ ಮೆಟ್ಟಿಲು ತಲೆಯ ಆಕಾರ. ಹುಬ್ಬಿನ ಮೇಲೆ ಒಂದು ಬೆರಳಿನಷ್ಟು ಬಿಟ್ಟು, ತಲೆಯ ಹಿಂಭಾಗದ ಉಬ್ಬಿನ ಮೇಲಿಂದ ದರ್ಜಿಯ ಟೇಪನ್ನು ಸುತ್ತಿದರೆ ಸುತ್ತಳತೆ ದೊರೆಯುತ್ತದೆ. ೫೮ ಸೆಂಟಿಮೀಟರ್ ಎಂದು ಬಂದಿತೆನ್ನಿ. ೫೮೦ ಎಂದು ಮುದ್ರಿಸಿರುವುದನ್ನು ಕೊಂಡರೆ ಆಯಿತೆಂದು ಭಾವಿಸುತ್ತೇವೆ. ಆದರೆ ಒಂದೇ ಸುತ್ತಳತೆಯ ವೃತ್ತವೂ ಇರಬಹುದು, ಮೊಟ್ಟೆಯಾಕಾರವೂ ಇರಬಹುದು. ಇದು ರೇಖಾಗಣಿತದ ಮೊದಲ ಪಾಠ. ಉದ್ದ ತಲೆಯವನು ದುಂಡನೆಯ ಶಿರಸ್ತ್ರಾಣವನ್ನು ಧರಿಸಿದರೆ ಅದು ಹಣೆಯನ್ನೂ ಹಿಂದಲೆಯನ್ನೂ ಎರಡು ಬಿಂದುಗಳಲ್ಲಿ ಹಿಡಿದು, ಪಕ್ಕಗಳಲ್ಲಿ ಸಡಿಲವಾಗಿರುತ್ತದೆ. ಇದರ ಪರಿಣಾಮವನ್ನು ಲೆಕ್ಕಹಾಕೋಣ. ೧.೪ ಕಿಲೋಗ್ರಾಮಿನ ಶಿರಸ್ತ್ರಾಣದ ಭಾರ ಸುಮಾರು ೧೪ ನ್ಯೂಟನ್. ಅದು ೨೦೦ ಚದರ ಸೆಂಟಿಮೀಟರಿನ ಮೇಲೆ ಹಂಚಿಹೋದರೆ ಒತ್ತಡ ೭೦೦ ಪಾಸ್ಕಲ್, ಧರಿಸಿದ್ದೇವೆಂಬುದೇ ಮರೆತುಹೋಗುವುದು. ಅದೇ ಭಾರ ಹಣೆಯ ಮೇಲಿನ ೧೦ ಚದರ ಸೆಂಟಿಮೀಟರಿಗೆ ಕೂಡಿಬಿದ್ದರೆ ೧೪,೦೦೦ ಪಾಸ್ಕಲ್. ಚರ್ಮದ ಲೋಮನಾಳಗಳಲ್ಲಿ ರಕ್ತವನ್ನು ನೂಕುವ ಒತ್ತಡ ೪,೦೦೦ ಪಾಸ್ಕಲ್‌ಗಳ ಸುಮಾರಿನದು. ಹೊರಗಿನ ಒತ್ತಡ ಅದನ್ನು ಮೀರಿದಲ್ಲಿ ರಕ್ತಸಂಚಾರ ಕುಗ್ಗುತ್ತದೆ. ಹತ್ತಿಪ್ಪತ್ತು ನಿಮಿಷಗಳಲ್ಲಿ ಹಣೆ ಸಿಡಿಯತೊಡಗುತ್ತದೆ. ಭಾರವಾದ ಶಿರಸ್ತ್ರಾಣದಿಂದ ತಲೆನೋವು ಎಂದು ದೂರುವವರಲ್ಲಿ ಅನೇಕರಿಗೆ ನೋವನ್ನು ಕೊಡುವುದು ಭಾರವಲ್ಲ, ಆಕಾರ. ನೂರು ಗ್ರಾಂ ಕಡಿಮೆ ಮಾಡುವುದಕ್ಕಾಗಿ ಸಾವಿರಾರು ರೂಪಾಯಿ ಹೆಚ್ಚು ತೆರುವುದಕ್ಕಿಂತ ಬೇರೆ ಆಕಾರದ ಅಚ್ಚಿನಲ್ಲಿ ಮಾಡಿದ್ದನ್ನು ಹುಡುಕುವುದು ಲೇಸು.

ಆದಕಾರಣ ಅಂಗಡಿಯಲ್ಲಿ ನಾಚಿಕೊಳ್ಳಬಾರದು. ಶಿರಸ್ತ್ರಾಣವನ್ನು ಧರಿಸಿ, ಪಟ್ಟಿಯನ್ನು ಬಿಗಿದು, ಇಪ್ಪತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಬೇಕು. ನಾವು ಹೀಗೆ ಕುಳಿತಾಗ ಅಂಗಡಿಯವನು ಎರಡು ಬಾರಿ ನೀರು ತಂದುಕೊಟ್ಟು, ಮೂರನೆಯ ಬಾರಿ ನಮ್ಮ ಆರೋಗ್ಯವನ್ನು ವಿಚಾರಿಸಿದ! ತೆಗೆದ ಮೇಲೆ ಹಣೆಯಲ್ಲಿ ಕೆಂಪು ಗುರುತು ಒಂದೇ ಎಡೆಯಲ್ಲಿ ಮೂಡಿದ್ದರೆ ಅದು ನಿಮ್ಮ ತಲೆಯದಲ್ಲ. ಕೆನ್ನೆಗಳನ್ನು ಮಾತ್ರ ಅದು ಒತ್ತಿ ಹಿಡಿಯಬೇಕು. ಕೆನ್ನೆಯ ಸ್ಪಂಜು ಕೆಲವು ವಾರಗಳಲ್ಲಿ ಸ್ವಲ್ಪ ತಗ್ಗುತ್ತದೆ, ಥರ್ಮೋಕೋಲು ತಗ್ಗುವುದಿಲ್ಲ. ಹಿಂದಿನ ಅಂಚನ್ನು ಹಿಡಿದು ಮುಂದಕ್ಕೆ ಎತ್ತಿದಾಗ ಅದು ತಲೆಯಿಂದ ಉರುಳಿಬರುವಂತಿದ್ದರೆ ಎಷ್ಟು ಸುಖವಾಗಿದ್ದರೂ ಬಿಡತಕ್ಕದ್ದು. ಕನ್ನಡಕವನ್ನು ಹಾಕುವವರು ಹಾಕಿಕೊಂಡೇ ನೋಡಬೇಕು. ಜಡೆ ಹೆಣೆಯುವವರು, ತುರುಬು ಕಟ್ಟುವವರು, ಹೂ ಮುಡಿಯುವವರು ದಿನವೂ ಹೇಗೆ ಹೊರಡುವರೋ ಹಾಗೆಯೇ ಹೋಗಿ ಪರೀಕ್ಷಿಸಬೇಕು. ತುರುಬಿನ ಮೇಲೆ ಕುಳಿತ ಶಿರಸ್ತ್ರಾಣ ಮುಂದಕ್ಕೆ ಬಾಗಿ ಕಣ್ಣನ್ನು ಮುಚ್ಚುತ್ತದೆ. ಹಿಂದೆ ಕತ್ತಿನ ಬಳಿ ಬಾಯಿ ತೆರೆಯುತ್ತದೆ. ಆ ತೆರೆದ ಬಾಯಿಯಿಂದ ನಮ್ಮ ಎರಡನೆಯ ವಿಷಯ ಆರಂಭವಾಗುತ್ತದೆ.

ಆ ವಿದ್ಯಾರ್ಥಿನಿ ಅಂದು ಕೇಳಿದ್ದ ಪ್ರಶ್ನೆ ಇದು: ಸೊನ್ನೆ ಡೆಸಿಬೆಲ್ ಎಂದರೆ ಶಬ್ದವೇ ಇಲ್ಲವೆಂದು ಅರ್ಥವೆ? ಅಲ್ಲ. ಆರೋಗ್ಯವಂತ ಕಿವಿಗೆ ಕೇಳಿಸಬಲ್ಲ ಅತಿ ಕ್ಷೀಣ ಶಬ್ದವನ್ನು ಸೊನ್ನೆಯೆಂದು ಇಟ್ಟುಕೊಂಡಿದ್ದೇವೆ. ಅಲ್ಲಿಂದ ಪ್ರತಿ ೧೦ ಡೆಸಿಬೆಲ್‌ಗೂ ಶಬ್ದದ ತೀವ್ರತೆ ಹತ್ತು ಮಡಿಯಾಗುತ್ತದೆ; ೨೦ ಏರಿದರೆ ನೂರು ಮಡಿ. ಬ್ರಿಟನ್ನಿನಲ್ಲಿ ೧೯೯೦ರ ದಶಕದಲ್ಲಿ ಸವಾರರ ಕಿವಿಯ ಬಳಿಯೇ ಪುಟ್ಟ ಮೈಕ್ರೋಫೋನುಗಳನ್ನು ಇಟ್ಟು ಅಳೆದಾಗ, ಗಂಟೆಗೆ ಸುಮಾರು ೬೫ ಕಿಲೋಮೀಟರ್ ವೇಗದಲ್ಲಿ ಶಿರಸ್ತ್ರಾಣದೊಳಗೆ ೯೦ ಡೆಸಿಬೆಲ್, ೧೬೦ ಕಿಲೋಮೀಟರಿನಲ್ಲಿ ೧೧೦ ಡೆಸಿಬೆಲ್ ಆಸುಪಾಸಿನ ಸದ್ದು ಕಂಡುಬಂದಿತು. ಈ ಎರಡು ಅಂಕೆಗಳಿಂದಲೇ ಒಂದು ನಿಯಮವನ್ನು ಹೊರತೆಗೆಯಬಹುದು. ವೇಗ ಹೆಚ್ಚುಕಡಿಮೆ ಎರಡೂವರೆ ಪಾಲಾಯಿತು. ತೀವ್ರತೆ ನೂರು ಪಾಲಾಯಿತು. ೨.೫ರ ಐದನೆಯ ಘಾತ ೯೭.೬೬. ಎಂದರೆ ಗಾಳಿಯ ಗದ್ದಲವು ವೇಗದ ಸುಮಾರು ಐದನೆಯ ಘಾತವನ್ನು ಅನುಸರಿಸಿ ಏರುತ್ತದೆ. ಗಾಳಿಯ ತಡೆ ಏರುವುದು ವೇಗದ ವರ್ಗದಂತೆ ಮಾತ್ರ ಎಂಬುದನ್ನು ನೆನೆದರೆ ಐದನೆಯ ಘಾತದ ಉಗ್ರತೆ ಮನಸ್ಸಿಗೆ ಬರುವುದು.

ನಮ್ಮ ಪ್ರಯಾಣಕ್ಕೆ ಇದನ್ನು ಅನ್ವಯಿಸಿದೆವು. ನಿಶ್ಚಲ ಗಾಳಿಯಲ್ಲಿ ೮೦ ಕಿಲೋಮೀಟರ್ ವೇಗಕ್ಕೆ ೯೪ರಿಂದ ೯೫ ಡೆಸಿಬೆಲ್. ಆಷಾಢದ ಬೆಳಗಿನ ಎದುರುಗಾಳಿಯಲ್ಲಿ ಸುಮಾರು ೯೯, ಸಂಜೆ ೮೮. ಬೆಳಗಿಗೂ ಸಂಜೆಗೂ ೧೧ ಡೆಸಿಬೆಲ್ ಅಂತರ, ಎಂದರೆ ತೀವ್ರತೆಯಲ್ಲಿ ಹನ್ನೆರಡು ಹದಿಮೂರು ಪಾಲು. ಕೆಲಸಗಾರರ ಕಿವಿಗಳ ರಕ್ಷಣೆಗಾಗಿ ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷಾ ಸಂಸ್ಥೆಯು ಸೂಚಿಸುವ ಮಿತಿ ದಿನಕ್ಕೆ ಎಂಟು ಗಂಟೆ ೮೫ ಡೆಸಿಬೆಲ್. ಅಲ್ಲಿಂದ ಪ್ರತಿ ೩ ಡೆಸಿಬೆಲ್‌ಗೂ ಕಾಲ ಅರ್ಧವಾಗಬೇಕು. ಹಾಗೆ ಲೆಕ್ಕಹಾಕಿದರೆ ೯೪ಕ್ಕೆ ಒಂದು ಗಂಟೆ, ೯೯ಕ್ಕೆ ಇಪ್ಪತ್ತು ನಿಮಿಷವೂ ಇಲ್ಲ. ನಾವು ಮುಕ್ಕಾಲು ಗಂಟೆ ಅದರೊಳಗೆ ಕುಳಿತು ಬರುತ್ತಿದ್ದೆವು. ಒಳಕಿವಿಯ ಶಂಖದಲ್ಲಿ ಶಬ್ದವನ್ನು ಗ್ರಹಿಸುವ ಕೇಶಕೋಶಗಳು ದಣಿದಾಗ ಕೇಳ್ಮೆ ಕೆಲವು ಗಂಟೆಗಳ ಕಾಲ ಮಂದವಾಗಿ ಮತ್ತೆ ಚೇತರಿಸಿಕೊಳ್ಳುತ್ತದೆ. ದಣಿವು ದಿನವೂ ಆದರೆ ಅವು ಸಾಯುತ್ತವೆ. ಮನುಷ್ಯನಲ್ಲಿ ಸತ್ತ ಕೇಶಕೋಶ ಮತ್ತೆ ಹುಟ್ಟುವುದಿಲ್ಲ. ಗಿರಣಿಯ ಕೆಲಸಗಾರನನ್ನು ಕುರಿತು ವೈದ್ಯರು ಕೇಳಿದ್ದು ಇದಕ್ಕಾಗಿಯೇ.

ಈ ಸದ್ದು ಹುಟ್ಟುವುದೆಲ್ಲಿ? ಗಾಳಿಯು ಯಾವುದೇ ಅಡ್ಡಿಯನ್ನು ಹಾದುಹೋಗುವಾಗ ಅದರ ಹಿಂದೆ ಸುಳಿಗಳು ಒಂದಾದಮೇಲೊಂದರಂತೆ ಕಳಚಿಕೊಳ್ಳುತ್ತವೆ. ತಂತಿಗಳು ಗಾಳಿಯಲ್ಲಿ ಹಾಡುವುದನ್ನು ೧೮೭೮ರಲ್ಲಿ ಅಭ್ಯಸಿಸಿದ ಬೊಹೀಮಿಯದ ವಿಜ್ಞಾನಿ ಸ್ಟ್ರೂಹಾಲ್, ಸುಳಿಗಳ ಆವರ್ತಾಂಕವು ಗಾಳಿಯ ವೇಗವನ್ನು ಅಡ್ಡಿಯ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಅನುಪಾತದಲ್ಲಿರುವುದೆಂದು ಕಂಡುಕೊಂಡ. ಅನುಪಾತದ ಅಂಕ ಸುಮಾರು ೦.೨. ಗಂಟೆಗೆ ೭೨ ಕಿಲೋಮೀಟರ್ ಎಂದರೆ ಸೆಕೆಂಡಿಗೆ ೨೦ ಮೀಟರ್. ಶಿರಸ್ತ್ರಾಣದ ಅಗಲ ೨೫ ಸೆಂಟಿಮೀಟರ್ ಎಂದುಕೊಂಡರೆ ಆವರ್ತಾಂಕ ಸೆಕೆಂಡಿಗೆ ೧೬. ಇದು ಸದ್ದೆನ್ನುವುದಕ್ಕಿಂತ ತಲೆಯನ್ನು ಹಿಡಿದು ಅಲ್ಲಾಡಿಸುವ ನಡುಕ. ಮುಖಗಾಜಿನ ೫ ಮಿಲಿಮೀಟರಿನ ಅಂಚು ಹೊರಚಾಚಿದ್ದರೆ ೮೦೦. ಇದು ಸ್ಪಷ್ಟವಾದ ಸಿಳ್ಳು. ನಮ್ಮ ತರುಣರು ಶಿರಸ್ತ್ರಾಣದ ನೆತ್ತಿಗೆ ಅಂಟಿಸುವ ರಬ್ಬರಿನ ಕೊಂಬು, ಜುಟ್ಟು, ಕ್ಯಾಮರದ ಪೀಠ ಇವೆಲ್ಲ ೫ ಸೆಂಟಿಮೀಟರ್ ಅಗಲದವಾದರೆ ೮೦. ಗುಡುಗಿನಂಥ ಮಂದ್ರ ನಾದ. ಕೊಂಬನ್ನು ಧರಿಸಬೇಡಿರೆಂದು ನಾವು ಹೇಳುವುದಿಲ್ಲ. ಅದರ ಸಂಗೀತವನ್ನು ಕೇಳುವವರು ಯಾರೆಂಬುದು ತಿಳಿದಿರಲಿ. ನುಣುಪಾದ, ದುಂಡನೆಯ, ಸಂದುಗಳು ಕಡಿಮೆಯಿರುವ ಚಿಪ್ಪು ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಗಲ್ಲವನ್ನು ಮೇಲೆತ್ತುವಂಥವು, ಬಿಸಿಲಿಗೆ ಚುಂಚುಳ್ಳವು ಹೆಚ್ಚು ಗದ್ದಲದವು.

ಆದರೆ ಚಿಪ್ಪಿನ ಮೇಲಿನ ಸುಳಿಗಳಿಗಿಂತ ಮುಖ್ಯವಾದುದು ಕೆಳಗಿನ ದ್ವಾರ. ಇಂಗ್ಲೆಂಡಿನ ಬಾತ್ ನಗರದ ಸಂಶೋಧಕರು ಗಾಳಿಸುರಂಗದಲ್ಲಿಯೂ ರಸ್ತೆಯಲ್ಲಿಯೂ ಅಳೆದು ೨೦೧೧ರಲ್ಲಿ ಪ್ರಕಟಿಸಿದ ಕೆಲಸವು, ಶಿರಸ್ತ್ರಾಣದ ಗದ್ದಲಕ್ಕೆ ಗಲ್ಲದ ಕೆಳಗಿನ ಪ್ರದೇಶ ಪ್ರಮುಖ ಮೂಲವೆಂದು ತೋರಿಸಿತು. ಅಲ್ಲಿ ಕಲಕಿದ ಗಾಳಿ ಕತ್ತಿನ ಸಂದಿನಿಂದ ಮೇಲಕ್ಕೆ ಕಿವಿಯ ಗೂಡಿಗೆ ತನ್ನ ಒತ್ತಡದ ಏರಿಳಿತಗಳನ್ನು ಕಳುಹಿಸುತ್ತದೆ. ದಪ್ಪ ಸ್ಪಂಜು ಇದನ್ನು ಹೀರಿಕೊಳ್ಳಲಾರದೆ? ಹೀರಲಾರದು. ಸ್ಪಂಜಿನಂಥ ವಸ್ತು ಶಬ್ದವನ್ನು ಚೆನ್ನಾಗಿ ನುಂಗಬೇಕಾದರೆ ಅದರ ದಪ್ಪ ತರಂಗದೂರದ ಕಾಲುಭಾಗಕ್ಕೆ ಸಮೀಪವಿರಬೇಕು. ಗಾಳಿಯ ಗದ್ದಲದ ಹೆಚ್ಚು ಪಾಲು ಮಂದ್ರದಲ್ಲಿರುತ್ತದೆ. ೨೫೦ ಆವರ್ತಾಂಕದ ಶಬ್ದದ ತರಂಗದೂರ ೧.೩೬ ಮೀಟರ್, ಅದರ ಕಾಲುಭಾಗ ೩೪ ಸೆಂಟಿಮೀಟರ್. ಅಷ್ಟು ದಪ್ಪ ಸ್ಪಂಜನ್ನು ಹೊತ್ತು ತಿರುಗುವ ತಲೆ ಕುಂಬಳಕಾಯಿಯನ್ನೂ ನಾಚಿಸೀತು. ಅಂಗಡಿಯಲ್ಲಿ ಬೆರಳಿನಿಂದ ಒತ್ತಿ ತೋರಿಸುವ ಎರಡು ಸೆಂಟಿಮೀಟರಿನ ಮೆತ್ತೆ ಕೀರಲು ಸದ್ದನ್ನು ತಗ್ಗಿಸಬಹುದು, ಭೋರ್ಗರೆತವನ್ನಲ್ಲ. ಚಿಪ್ಪನ್ನು ದಪ್ಪಗೊಳಿಸುವುದೂ ಕಿಟಕಿಯನ್ನು ತೆರೆದಿಟ್ಟು ಗೋಡೆಯನ್ನು ದಪ್ಪಗೊಳಿಸಿದಂತೆಯೇ. ಮುಚ್ಚಬೇಕಾದುದು ಕಿಟಕಿಯನ್ನು. ಕತ್ತಿನ ಸುತ್ತ ಒತ್ತಾಗಿ ಕೂಡುವ ಅಂಚು, ಗಲ್ಲದ ಕೆಳಗೆ ಬಟ್ಟೆಯ ತೆರೆ, ಕೆನ್ನೆಗಳನ್ನು ಹಿಡಿಯುವ ಮೆತ್ತೆ ಇವುಗಳಿಂದ ದೊರೆಯುವ ಶಾಂತಿ ಬೆಲೆಬಾಳುವ ಚಿಪ್ಪಿನಿಂದ ದೊರೆಯದು. ತಲೆಗೆ ಸರಿಯಾಗಿ ಕೂರದ ಉತ್ತಮ ಶಿರಸ್ತ್ರಾಣಕ್ಕಿಂತ ಸರಿಯಾಗಿ ಕೂರುವ ಸಾಧಾರಣ ಶಿರಸ್ತ್ರಾಣ ನಿಶ್ಶಬ್ದವಾಗಿರುವುದು ಈ ಕಾರಣದಿಂದ.

ಇಷ್ಟಾದರೂ ಒಂದು ಮಿತಿಯನ್ನು ಒಪ್ಪಿಕೊಳ್ಳಬೇಕು. ಶಿರಸ್ತ್ರಾಣವನ್ನು ಮಾತ್ರ ಬದಲಿಸಿ ೯೯ನ್ನು ೮೫ಕ್ಕೆ ಇಳಿಸಲಾಗದು. ಹೆದ್ದಾರಿಯಲ್ಲಿ ದಿನವೂ ದೂರ ಸಾಗುವವರಿಗೆ ಕಿವಿಗೆ ಇಟ್ಟುಕೊಳ್ಳುವ ಸ್ಪಂಜಿನ ಪುಟ್ಟ ಬಿರಡೆಗಳೇ ನಿಜವಾದ ಉಪಾಯ. ಔಷಧಿ ಅಂಗಡಿಯಲ್ಲಿ ಅಲ್ಪ ಬೆಲೆಗೆ ಸಿಗುವ ಇವುಗಳನ್ನು ಬೆರಳುಗಳ ನಡುವೆ ಹೊಸೆದು, ಕಿವಿಯನ್ನು ಮೇಲಕ್ಕೆಳೆದು ಸರಿಯಾಗಿ ಕೂರಿಸಿದರೆ ಸದ್ದು ೧೫-೨೦ ಡೆಸಿಬೆಲ್‌ನಷ್ಟು ತಗ್ಗುತ್ತದೆ. ಹಿಂದಿನಿಂದ ಬರುವ ಲಾರಿಯ ಹಾರನ್ನು ಕೇಳಿಸದೆ ಅಪಾಯವಾಗದೆ ಎಂದು ನಮ್ಮ ಸಹೋದ್ಯೋಗಿಗಳು ಕೇಳಿದರು. ಒಳ್ಳೆಯ ಪ್ರಶ್ನೆ, ಉತ್ತರವೂ ಸ್ವಾರಸ್ಯವಾದುದು. ಕಿವಿಗೆ ಹಾರನ್ನು ತಿಳಿಯುವುದು ಅದರ ಬರಿಯ ತೀವ್ರತೆಯಿಂದಲ್ಲ, ಗದ್ದಲಕ್ಕೆ ಹೋಲಿಸಿದ ತೀವ್ರತೆಯಿಂದ. ಬಿರಡೆಯು ಗದ್ದಲವನ್ನೂ ಹಾರನ್ನನ್ನೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ತಗ್ಗಿಸುವುದರಿಂದ ಅವುಗಳ ಅನುಪಾತ ಕೆಡುವುದಿಲ್ಲ. ಬಿಸಿಲಿನಲ್ಲಿ ಬಣ್ಣದ ಕನ್ನಡಕ ಹಾಕಿಕೊಂಡವನಿಗೆ ದಾರಿ ಕಾಣದೆ ಹೋಗುವುದಿಲ್ಲವಷ್ಟೆ. ಈ ವಾದ ಗಾಳಿಯ ಗದ್ದಲ ಮಿಕ್ಕೆಲ್ಲವನ್ನೂ ಮುಳುಗಿಸುವ ವೇಗದಲ್ಲಿ ಮಾತ್ರ ಸಲ್ಲುತ್ತದೆ. ಪಟ್ಟಣದೊಳಗೆ ಮೂವತ್ತು ನಲವತ್ತರ ವೇಗದಲ್ಲಿ ಗಾಳಿ ಮೆಲುದನಿಯದು. ಅಲ್ಲಿ ಬಿರಡೆ ಬೇಡ. ಭರಮಸಾಗರದಲ್ಲಿ ಚಹಾ ಕುಡಿಯಲು ನಿಂತಾಗ ನಾವು ಅವುಗಳನ್ನು ತೆಗೆದು, ಮತ್ತೆ ಹೆದ್ದಾರಿಗೆ ಏರುವಾಗ ಇಟ್ಟುಕೊಳ್ಳುತ್ತೇವೆ.

ಪಟ್ಟಣದಲ್ಲಿಯೇ ಓಡಾಡುವ ವಿದ್ಯಾರ್ಥಿಗಳಿಗೆ ಶಬ್ದಕ್ಕಿಂತ ಸೆಕೆಯ ಚಿಂತೆಯೇ ದೊಡ್ಡದು. ಥರ್ಮೋಕೋಲು ಉಷ್ಣವನ್ನು ಹೊರಬಿಡದು. ಬೆವರು ಆರಿದರೆ ಮಾತ್ರ ತಲೆ ತಂಪಾಗುವುದು. ಬೆವರು ಆರಬೇಕಾದರೆ ಗಾಳಿ ಆಡಬೇಕು. ಆದರೆ ಗಾಳಿಯ ದಾರಿಯೇ ಶಬ್ದದ ದಾರಿಯೂ ಹೌದು. ಎರಡನ್ನೂ ಪೂರ್ತಿಯಾಗಿ ಪಡೆಯುವಂತಿಲ್ಲ. ಕಲಬುರಗಿಯಲ್ಲಿಯೋ ರಾಯಚೂರಿನಲ್ಲಿಯೋ ಬೇಸಗೆಯ ಮಧ್ಯಾಹ್ನ ಕಾಲೇಜಿನಿಂದ ಮನೆಗೆ ಮೂರು ಮೈಲಿ ಹೋಗುವವನು ಗಾಳಿಕಂಡಿಗಳು ಹೆಚ್ಚಿರುವ, ಮುಖವನ್ನೆಲ್ಲ ಮುಚ್ಚುವ ಶಿರಸ್ತ್ರಾಣವನ್ನು ಕೊಂಡು ಗದ್ದಲವನ್ನು ಮರೆಯಲಿ. ಮಲೆನಾಡಿನ ಮಳೆಯವರಿಗೆ ಮುಖಗಾಜಿನ ಮೇಲೆ ಮಂಜು ಕಟ್ಟದಿರುವುದೇ ಮೊದಲ ಗುಣ. ಎರಡು ಪದರದ ಗಾಜು ಅಲ್ಲಿಗೆ ತಕ್ಕದ್ದು. ನಮ್ಮಂತೆ ಹೆದ್ದಾರಿಯಲ್ಲಿ ಸಾಗುವವರು ಕತ್ತಿನ ಅಂಚನ್ನು ನೋಡಲಿ. ಎಲ್ಲರಿಗೂ ಒಂದೇ ಉತ್ತಮ ಶಿರಸ್ತ್ರಾಣವಿದೆ, ಅದರ ಬೆಲೆ ಇಷ್ಟು ಸಾವಿರ ಎಂದು ಹೇಳುವವನು ಮಾರುವವನೇ ಇರಬೇಕು.

ಒಂದು ಕುಂದುಕೊರತೆಯನ್ನು ಹೇಳದೆ ಮುಗಿಸಲಾರೆವು. ಫ್ಯಾನನ್ನೋ ರೆಫ್ರಿಜರೇಟರನ್ನೋ ಕೊಳ್ಳುವಾಗ ಅದು ಎಷ್ಟು ವಿದ್ಯುತ್ತನ್ನು ಬಳಸುವುದೆಂಬುದಕ್ಕೆ ನಕ್ಷತ್ರಗಳ ಚೀಟಿ ಅಂಟಿಸಿರುತ್ತಾರೆ. ನಾವು ಸುತ್ತಿದ ಅಂಗಡಿಗಳಲ್ಲಿ ಶಿರಸ್ತ್ರಾಣದ ಪೆಟ್ಟಿಗೆಯ ಮೇಲೆ ಅಳತೆಯಿತ್ತು, ಗುರುತಿತ್ತು, ಹೊಗಳಿಕೆಯಿತ್ತು. ೮೦ ಕಿಲೋಮೀಟರ್ ವೇಗದಲ್ಲಿ ಒಳಗೆ ಎಷ್ಟು ಡೆಸಿಬೆಲ್ ಎಂಬ ಅಂಕೆ ಒಂದರ ಮೇಲೂ ಇರಲಿಲ್ಲ. ಸವಾರನ ಎತ್ತರ, ಕುಳಿತುಕೊಳ್ಳುವ ಭಂಗಿ, ವಾಹನದ ಮುಂದಿನ ಗಾಳಿತಡೆ ಇವುಗಳೊಡನೆ ಆ ಅಂಕೆ ಬದಲಾಗುವುದು ನಿಜ. ಗಾಳಿತಡೆಯ ಮೇಲಂಚಿನಿಂದ ಕಳಚಿದ ಸುಳಿ ನೇರವಾಗಿ ಗಲ್ಲಕ್ಕೆ ಬಡಿಯುವುದರಿಂದ, ತಡೆಯಿಲ್ಲದ ಹಳೆಯ ಗಾಡಿಯಲ್ಲಿ ಶಾಂತವಾಗಿದ್ದ ಶಿರಸ್ತ್ರಾಣ ತಡೆಯಿರುವ ಹೊಸ ಗಾಡಿಯಲ್ಲಿ ಅರಚುವುದೂ ಉಂಟು. ಆದರೆ ಒಂದೇ ಕೃತಕ ತಲೆಗೆ, ಒಂದೇ ಗಾಳಿಸುರಂಗದಲ್ಲಿ, ಎಲ್ಲ ಶಿರಸ್ತ್ರಾಣಗಳನ್ನೂ ತೊಡಿಸಿ ಅಳೆದರೆ ಹೋಲಿಕೆಗಾದರೂ ಒಂದು ಅಂಕೆ ಸಿಗುವುದಷ್ಟೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಾಳಿಸುರಂಗಗಳಿವೆ. ದ್ವಿಚಕ್ರ ವಾಹನಗಳು ಇಷ್ಟು ವಿಪುಲವಾಗಿರುವ ದೇಶದಲ್ಲಿ ಈ ಕೆಲಸ ಅಸಾಧ್ಯವೆಂದು ನಾವು ನಂಬಲಾರೆವು.

ನಾವು ಕೊನೆಗೆ ಕೊಂಡದ್ದು ಮಧ್ಯಮ ಬೆಲೆಯದು, ಹಿಂದಿನದಕ್ಕಿಂತ ನೂರೈವತ್ತು ಗ್ರಾಂ ಭಾರವಾದುದು, ಬಣ್ಣ ನಮಗೆ ಅಷ್ಟು ಹಿಡಿಸದುದು. ಹಣೆಯಲ್ಲಿ ಗುರುತು ಬೀಳುವುದಿಲ್ಲ. ಹಳೆಯದನ್ನು ಯಾರಿಗೂ ಕೊಡುವ ಮನಸ್ಸಾಗದೆ ಕಾಲೇಜಿನ ಪ್ರಯೋಗಶಾಲೆಗೆ ತಂದೆವು. ಹಿಂದಿನ ಬೆಂಚಿನ ಆ ವಿದ್ಯಾರ್ಥಿನಿಯೂ ಅವಳ ಗೆಳತಿಯರೂ ಗರಗಸದಿಂದ ಅದನ್ನು ಮೂಗಿನ ನೇರಕ್ಕೆ ಎರಡು ಹೋಳಾಗಿ ಸೀಳಿದರು. ಅರ್ಧ ಹೋಳು ಈಗ ಗಾಜಿನ ಬೀರುವಿನಲ್ಲಿದೆ: ಚಿಪ್ಪು, ಥರ್ಮೋಕೋಲು, ಸ್ಪಂಜು, ಪ್ರತಿಯೊಂದಕ್ಕೂ ಚೀಟಿ ಅಂಟಿಸಿದ್ದಾರೆ. ಕೆಳಗೆ ಕತ್ತು ಇರಬೇಕಾದ ತೆರೆದ ಜಾಗಕ್ಕೆ ಒಂದು ಬಾಣವನ್ನು ಬರೆದು, 'ಮೇಷ್ಟರಿಗೆ ಪ್ರಶ್ನೆ ಕೇಳಿಸದಂತೆ ಮಾಡಿದ್ದು ಇದು' ಎಂದು ನಮೂದಿಸಿದ್ದಾರೆ.